ಕಿರುಚಾಟಕ್ಕೊಂದು ಕಥಾವಸ್ತು

"ಕಥೆ ಕೈಕೊಡ್ತು ಚಿಕ್ಕಪ್ಪ. ಮ್ಯೂಸಿಕ್ ಅಷ್ಟೋ ಇಷ್ಟೋ ಎತ್ತಿ ಹಿಡೀತು. ಆದ್ರೆ ಸೆಕೆಂಡ್ ಹಾಫಲ್ಲಿ ಮನಸ್ಸಿಗೆ ತಟ್ಟೋದೇ ಇಲ್ಲ."

ಭಾನುವಾರ ಬೆಳಗಿನ ಎರಡನೇ ಕಾಫಿಯ ಹೊತ್ತಿಗೆ, ಹೆಗಲ ಚೀಲವನ್ನು ಇನ್ನೂ ಇಳಿಸದೆ, ಅಣ್ಣನ ಮಗ ಬಾಗಿಲಲ್ಲೇ ನಿಂತು ಈ ತೀರ್ಪು ಕೊಟ್ಟ. ಶುಕ್ರವಾರ ಬಿಡುಗಡೆಯಾದ ಯಾವುದೋ ಸಿನಿಮಾ ಇರಬೇಕೆಂದು ನಾನು ಪತ್ರಿಕೆಯ ಸಿನಿಮಾ ಪುಟ ಹುಡುಕಿದೆ.

"ಹೀರೋ ಯಾರೋ?"

"ಹೀರೋ ಇಲ್ಲ. ಕೂತಿರೋ ನಾವೇ ಹೀರೋ."

"ಎಷ್ಟು ಹೊತ್ತಿನ ಚಿತ್ರ?"

"ಎರಡು ನಿಮಿಷ ಅಂದ್ಕೊಳ್ಳಿ. ಪೂರ್ತಿ ಕತ್ತಲು. ಏನೂ ಕಾಣ್ಸಲ್ಲ."

ನಾಯಕನಿಲ್ಲ, ಬೆಳಕಿಲ್ಲ, ನೋಡಿದವರಿಗೆ ಏನೂ ಕಾಣಿಸಿಲ್ಲ. ಹಾಗಾದರೆ ಕಲಾತ್ಮಕ ಚಿತ್ರವೇ, ಪ್ರಶಸ್ತಿ ಗ್ಯಾರಂಟಿ ಎಂದುಕೊಂಡೆ. ಅವನು ಬೂಟು ಬಿಚ್ಚಿ ಒಳಗೆ ಬಂದ ಮೇಲೆ ವಿಷಯ ತಿಳಿಯಿತು. ಮುಂಬೈ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಹತ್ತಿರ ಖೋಪೋಲಿಯಲ್ಲಿ 2013ರಲ್ಲಿ ಬಾಗಿಲು ತೆರೆದ ಇಮ್ಯಾಜಿಕಾ ಎಂಬ ಮನರಂಜನಾ ಪಾರ್ಕಿದೆ. ಅದರೊಳಗೆ 'ಡೀಪ್ ಸ್ಪೇಸ್' ಎಂಬ ರೋಲರ್ ಕೋಸ್ಟರ್. ಬಯಲಲ್ಲಿ ಓಡುವುದಲ್ಲ, ಕಟ್ಟಡದೊಳಗೆ ಕತ್ತಲಲ್ಲಿ ಓಡುವಂಥದ್ದು. ಅಂತರಿಕ್ಷ ಅದರ ಕಥಾವಸ್ತು. ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು, ನೂರಾರು ಮೈಲಿ ಹೋಗಿ, ಸಾಲಲ್ಲಿ ನಿಂತು, ಎರಡು ನಿಮಿಷ ಕಿರುಚಿ, ಮತ್ತೆ ರಾತ್ರಿ ಬಸ್ಸು ಹಿಡಿದು ಬಂದ ಹುಡುಗನ ದೂರು ಒಂದೇ: ಕಥೆ ತೆಳು.

ಇಷ್ಟು ಓದಿದವರು ಈಗ ಒಂದು ಹಾಸ್ಯಕ್ಕೆ ಕಾಯುತ್ತಿರುತ್ತಾರೆ ಎಂಬುದು ನನಗೆ ಗೊತ್ತು. ಬೆಂಗಳೂರಿನ ಗುಂಡಿ ರಸ್ತೆಗಳಿರುವಾಗ ರೋಲರ್ ಕೋಸ್ಟರ್ ಯಾಕೆ ಎಂಬುದು ಆ ಹಾಸ್ಯ. ಅದಕ್ಕೂ ಗುಂಡಿಗಳಿಗೂ ಒಂದೇ ವಯಸ್ಸು. ಎರಡಕ್ಕೂ ಪ್ರತಿ ಮಳೆಗಾಲದ ಕೊನೆಗೆ ತೇಪೆ ಹಾಕಿ ಮತ್ತೆ ಓಡಿಸುತ್ತಾರೆ. ನಾವು ಪಕ್ಕಕ್ಕೆ ಸರಿದು ಮುಂದೆ ಹೋಗೋಣ.

ನಮ್ಮ ಕಾಲದಲ್ಲಿ ಈ ಬಗೆಯ ವಿಮರ್ಶೆ ಸರಳವಾಗಿತ್ತು. ಬಿಡದಿಯಲ್ಲಿ 2005ರಲ್ಲಿ ವಂಡರ್‌ಲಾ ಶುರುವಾದಾಗ ಬಿನ್ನಿಪೇಟೆಯಿಂದ ಮೈಸೂರು ರಸ್ತೆ ಹಿಡಿದು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ತಿಂದ ಚಿತ್ರಾನ್ನ ಗಂಟಲಿಗೆ ಬಂದರೆ ಆಟ ಚೆನ್ನಾಗಿದೆ ಎಂದು, ಹೊಟ್ಟೆಯಲ್ಲೇ ಉಳಿದರೆ ಸಪ್ಪೆ ಎಂದು. ಅದಕ್ಕೂ ಹಿಂದೆ ಜಾತ್ರೆಯ ರಾಟೆ ತೊಟ್ಟಿಲಿಗೆ ಒಬ್ಬ ಬೀಡಿ ಕಚ್ಚಿಕೊಂಡವನು ಕೈಯಲ್ಲೇ ಜೋರು ಕೊಡುತ್ತಿದ್ದ. ಪಕ್ಕದ ಟೆಂಟಿನ ಗ್ರಾಮಫೋನೇ ಅದಕ್ಕೆ ಹಿನ್ನೆಲೆ ಸಂಗೀತ. ಮೇಲೆ ಹೋದಾಗ ಊರು ಕಾಣುತ್ತಿತ್ತು, ಕೆಳಗೆ ಬಂದಾಗ ಅಪ್ಪ ಕಾಣುತ್ತಿದ್ದ. ಕಥೆ ಅಷ್ಟೇ. ಅದು ಸಾಲದು ಎಂದು ಯಾರಿಗೂ ಹೊಳೆದಿರಲಿಲ್ಲ.

ಈಗಿನ ಅಭಿಮಾನಿಗಳದ್ದು ಹಾಗಲ್ಲ. ಅವರಲ್ಲಿ ಪಂಥಗಳಿವೆ. ನನ್ನ ಅಣ್ಣನ ಮಗ ಮತ್ತು ಅವನ ಇಬ್ಬರು ಗೆಳೆಯರು ಸೇರಿದರೆ ಮೂರು ಮತಗಳ ಪೀಠಾಧಿಪತಿಗಳು ಒಂದೇ ಜಗಲಿಯ ಮೇಲೆ ಕೂತಂತೆ. ಒಬ್ಬ ಕಥಾವಾದಿ. ಸಾಲಿನಲ್ಲಿ ಕಾಯುವ ಜಾಗದಿಂದಲೇ ಕಥೆ ಶುರುವಾಗಬೇಕು, ಗೋಡೆಯ ಮೇಲಿನ ತುಕ್ಕಿಗೂ ಹಿನ್ನೆಲೆ ಇರಬೇಕು, ಕಡೆಯ ಬ್ರೇಕ್ ಬಿದ್ದಾಗ ಪಾತ್ರವೊಂದು ಬದಲಾಗಿರಬೇಕು ಎಂಬುದು ಅವನ ಸಿದ್ಧಾಂತ. ಇನ್ನೊಬ್ಬ ಸಂಗೀತವಾದಿ. ಇಳಿಜಾರು ಶುರುವಾಗುವ ಗಳಿಗೆಗೂ ಡ್ರಮ್ ಬೀಳುವ ಗಳಿಗೆಗೂ ಅರ್ಧ ಸೆಕೆಂಡ್ ವ್ಯತ್ಯಾಸವಾದರೆ ಅವನಿಗೆ ಆ ದಿನ ಊಟ ಸೇರುವುದಿಲ್ಲ. ಮೂರನೆಯವನು ಮೌನವಾದಿ. ಸರಪಳಿ ಮೇಲಕ್ಕೆ ಎಳೆಯುವಾಗಿನ ಕಟಕಟ ಶಬ್ದವೇ ನಿಜವಾದ ಸಂಗೀತ, ಉಳಿದದ್ದೆಲ್ಲ ಮಾಯೆ ಎಂದು ಹೇಳಿ ಸುಮ್ಮನಾಗುತ್ತಾನೆ. ಇವರ ಚರ್ಚೆಗೆ ಭಾಷ್ಯ, ಟೀಕೆ, ಟಿಪ್ಪಣಿ ಎಲ್ಲವೂ ಉಂಟು. ಇಷ್ಟು ಶ್ರದ್ಧೆಯಿಂದ ಡಿಗ್ರಿ ಓದಿದ್ದರೆ ಅಣ್ಣನ ರಕ್ತದೊತ್ತಡ ಇಳಿಯುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಮೂವರೂ ಒಂದೇ. ಎಡವಟ್ಟು ಸೂತ್ರ ಹಳಸಿಹೋಗಿದೆ ಎಂಬುದು. ಲೋಕದ ಬಹುಪಾಲು ಕಥಾ-ಕೋಸ್ಟರ್‌ಗಳ ಕಥೆ ಇದೊಂದೇ ಅಂತೆ. ಹತ್ತುವ ಮೊದಲು ಯೂನಿಫಾರಂ ತೊಟ್ಟ ಒಬ್ಬರು ಪರದೆಯ ಮೇಲೆ ಬಂದು, ಎಲ್ಲವೂ ಸುರಕ್ಷಿತ, ಭಯಪಡಬೇಡಿ ಎನ್ನುತ್ತಾರೆ. ಕೂಡಲೇ ಕೆಂಪು ದೀಪ, ಹೊಗೆ, ಸೈರನ್. ಏನೋ ಎಡವಟ್ಟಾಗಿದೆ! ಆಮೇಲೆ ಇಳಿಜಾರು. ನಾನು ಕೇಳಿದೆ, ಭಯಪಡಬೇಡಿ ಎಂದು ಯೂನಿಫಾರಂನವರು ಹೇಳಿದ ಮೇಲೆ ಎಡವಟ್ಟಾಗುವುದು ನಮ್ಮ ಊರಿನಲ್ಲಿ ಕಥೆಯಲ್ಲವಲ್ಲ, ಸುದ್ದಿಯಲ್ಲವೇ ಎಂದು. "ಚಿಕ್ಕಪ್ಪ, ನೀವು ಜಾನರ್ ಮಿಕ್ಸ್ ಮಾಡ್ತಿದ್ದೀರ" ಎಂದ.

ಕತ್ತಲ ಕೋಸ್ಟರ್‌ಗಳ ಕಾಶಿ ಎಂದರೆ ಅಮೆರಿಕದ ಡಿಸ್ನಿಯವರ ಸ್ಪೇಸ್ ಮೌಂಟನ್. ಫ್ಲಾರಿಡಾದಲ್ಲಿ 1975ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 1977ರಲ್ಲಿ ಶುರುವಾಯಿತು. ಫ್ಲಾರಿಡಾದ್ದರ ವೇಗ ಗಂಟೆಗೆ 45 ಕಿಲೋಮೀಟರಿನ ಆಸುಪಾಸು. ರಾತ್ರಿ ಹನ್ನೊಂದರ ಮೇಲೆ ಮಾಗಡಿ ರಸ್ತೆಯಲ್ಲಿ ನಮ್ಮ ಆಟೋದವರು ಇದಕ್ಕಿಂತ ಜೋರಾಗಿ, ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಹೋಗುತ್ತಾರೆ. ಆದರೂ ಅಲ್ಲಿ ಜನ ಪ್ರಾಣ ಹೋದಂತೆ ಕಿರುಚುವುದಕ್ಕೆ ಕಾರಣ ಕತ್ತಲು. ಮುಂದೆ ತಿರುವೋ ಇಳಿಜಾರೋ ಕಾಣದು. ದೇಹ ಸಿದ್ಧವಾಗುವುದಕ್ಕೆ ಮೊದಲೇ ಹಳಿ ತಿರುಗಿಬಿಡುತ್ತದೆ. ಮುಖಕ್ಕೆ ಗಾಳಿ, ಸುತ್ತ ಚುಕ್ಕಿ ದೀಪ. ಕಾಣದ್ದನ್ನು ದೊಡ್ಡದು ಮಾಡಿ ತೋರಿಸುವ ಈ ವಿದ್ಯೆ ನಮ್ಮ ಜ್ಯೋತಿಷಿಗಳಿಗೂ ರಿಯಲ್ ಎಸ್ಟೇಟ್ ಬ್ರೋಕರ್‌ಗಳಿಗೂ ಮೊದಲಿಂದ ತಿಳಿದಿರುವುದರಿಂದ ನಾವು ಅಷ್ಟೇನೂ ಬೆರಗಾಗಬೇಕಿಲ್ಲ.

ಸಂಗೀತ ಬಂದದ್ದು ಆಮೇಲೆ. ಪ್ಯಾರಿಸ್ಸಿನ ಡಿಸ್ನಿಯಲ್ಲಿ 1995ರಲ್ಲಿ ಒಂದು ಸ್ಪೇಸ್ ಮೌಂಟನ್ ಕಟ್ಟಿದರು. ಜೂಲ್ ವರ್ನ್ 1865ರಲ್ಲಿ ಬರೆದ ಚಂದ್ರಯಾನದ ಕಾದಂಬರಿಯೇ ಅದರ ವಸ್ತು. ದೊಡ್ಡ ಫಿರಂಗಿಯೊಳಗೆ ಗಾಡಿ ಕೂರಿಸಿ ಚಂದ್ರನಿಗೆ ಹಾರಿಸುತ್ತಿದ್ದರು. ಸ್ಟೀವ್ ಬ್ರಾಮ್ಸನ್ ಬರೆದ ವಾದ್ಯವೃಂದದ ಸಂಗೀತ ಪ್ರತಿ ಸೀಟಿನ ಹಿಂದೆ ಇಟ್ಟ ಸ್ಪೀಕರಿನಲ್ಲಿ, ಪ್ರತಿ ತಿರುವಿಗೆ ಸರಿಯಾಗಿ ಕೇಳುತ್ತಿತ್ತು. ಅಭಿಮಾನಿಗಳಿಗೆ ಅದು ಕೃತಯುಗ. 2005ರಲ್ಲಿ ಕಥೆಯನ್ನೂ ಸಂಗೀತವನ್ನೂ ಬದಲಿಸಿದರು, ತ್ರೇತಾಯುಗ ಶುರುವಾಯಿತು. 2017ರಲ್ಲಿ ಅದರ ಮೇಲೆ ಸ್ಟಾರ್ ವಾರ್ಸ್ ಹೊದಿಸಿದರು. ಈಗ ಕಲಿಯುಗ ನಡೆಯುತ್ತಿದೆ. ಹಳಿ ಮಾತ್ರ ಮೊದಲಿಂದ ಕೊನೆಯವರೆಗೂ ಅದೇ ದಾರಿ. ನಮ್ಮ ಸಂಗೀತವಾದಿ ಆ ಕೃತಯುಗದಲ್ಲಿ ಇನ್ನೂ ಹುಟ್ಟಿರಲಿಲ್ಲ, ಪ್ಯಾರಿಸ್ಸಿಗೆ ಹೋಗಿಲ್ಲ, ಪಾಸ್‌ಪೋರ್ಟ್ ಕೂಡ ಇಲ್ಲ. ಆದರೂ 1995ರ ಸಂಗೀತದ ಮಾತು ಬಂದರೆ ಅವನ ಕಣ್ಣು ಒದ್ದೆಯಾಗುತ್ತದೆ. ನಾನು ನಗಲಿಲ್ಲ. ನಾವೂ ವಿಜಯನಗರದ ವೈಭವವನ್ನು ಹೀಗೆಯೇ ನೆನೆದು ಅಳುವವರು.

ಕ್ಯಾಲಿಫೋರ್ನಿಯಾದ್ದರ ಕಥೆ ಇನ್ನೂ ಮಜವಾಗಿದೆ. ಅಲ್ಲಿ 1996ರಲ್ಲಿ ಗಾಡಿಯೊಳಗೆ ಸಂಗೀತ ಹಾಕಿದಾಗ, ಫ್ರಾನ್ಸಿನ ಸೇಂಟ್-ಸಾನ್ಸ್ ಮೀನಿನ ತೊಟ್ಟಿಯನ್ನು ನೆನೆದು ಬರೆದಿದ್ದ ಒಂದು ಕೃತಿಯನ್ನು ತೆಗೆದುಕೊಂಡು, ಅದಕ್ಕೆ ಸಮುದ್ರದಲೆಯ ಗಿಟಾರಿಗೆ ಹೆಸರಾದ ಡಿಕ್ ಡೇಲ್ ಕೈಯಲ್ಲಿ ಗಿಟಾರ್ ನುಡಿಸಿದರು. ಮೀನಿನ ತೊಟ್ಟಿಯ ರಾಗ, ಸಮುದ್ರದ ಗಿಟಾರು, ಅಂತರಿಕ್ಷದ ಗಾಡಿ. ಎಲ್ಲಾ ಸೇರಿ ಅದ್ಭುತವಾಗಿ ಕೂಡಿಕೊಂಡಿತು ಎಂದು ಇಂದಿಗೂ ಕೊಂಡಾಡುತ್ತಾರೆ. ಇದನ್ನು ಕೇಳಿದ ಮೇಲೆ ಮದುವೆ ಬ್ಯಾಂಡಿನವರು ಆರತಕ್ಷತೆಗೆ ವಿರಹದ ಹಾಡು ನುಡಿಸಿದರೆ ನಾನು ಆಕ್ಷೇಪಿಸುವುದನ್ನು ಬಿಟ್ಟಿದ್ದೇನೆ.

ಫ್ಲಾರಿಡಾದ ಎಪ್ಕಾಟ್‌ನಲ್ಲಿ 2022ರಲ್ಲಿ ಬಂದ ಕಾಸ್ಮಿಕ್ ರಿವೈಂಡ್ ಎಂಬ ಒಳಾಂಗಣ ಕೋಸ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಆರು ಹಳೆಯ ಹಾಡುಗಳಿವೆ. ನೀವು ಕೂತಾಗ ಯಾವುದು ಬರುತ್ತದೆ ಎಂಬುದು ನಿಮ್ಮ ಹಣೆಬರಹ. ಒಂದು ಹಾಡು ಬಂದವರು ಕುಣಿಯುತ್ತಾ ಇಳಿಯುತ್ತಾರೆ, ಇನ್ನೊಂದು ಬಂದವರು ಮುಖ ಸಣ್ಣ ಮಾಡಿಕೊಂಡು ಮತ್ತೆ ಸಾಲು ಹಿಡಿಯುತ್ತಾರೆ. ಕೋಟಿ ಕೋಟಿ ಡಾಲರ್ ಸುರಿದು ಅವರು ಕಂಡುಹಿಡಿದದ್ದನ್ನು ನಮ್ಮ ಕಾಟನ್‌ಪೇಟೆಯ ಫುಟ್‌ಪಾತಿನಲ್ಲಿ ಒಂದು ಗಿಳಿ, ಒಂದು ಕಟ್ಟು ಚೀಟಿ ಮತ್ತು ಒಂದು ಛತ್ರಿ ಇಟ್ಟುಕೊಂಡವನು ಮಾಡುತ್ತಾನೆ. ಗಿಳಿ ಚೀಟಿ ಎಳೆದ ಮೇಲೆ ಕನಿಷ್ಠ ಮದುವೆ ಯಾವಾಗ ಎಂದಾದರೂ ಗೊತ್ತಾಗುತ್ತದೆ.

ಹಾಗೆಂದು ಕಥೆ ಬೇಕು, ಹಾಡು ಬೇಕು, ಬೆರಗೂ ಬೇಕು ಎನ್ನುವ ಈ ಹಸಿವು ಹೊಸದು ಎಂದುಕೊಂಡರೆ ನಾವು ನಮ್ಮ ಅಜ್ಜಂದಿರಿಗೆ ಅವಮಾನ ಮಾಡಿದಂತೆ. ಕಂಪನಿ ನಾಟಕದ ಪ್ರೇಕ್ಷಕನಿಗಿಂತ ಕಟುವಾದ ಅಭಿಮಾನಿ ಯಾವ ಡಿಸ್ನಿಗೂ ಸಿಕ್ಕಿಲ್ಲ. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದರು. ಟ್ರಿಕ್ ಸೀನಿಗೆ ಚಪ್ಪಾಳೆ ಬೀಳುತ್ತಿತ್ತು, ಸರಿ. ಆದರೆ ಹಾಡು ಹಿಡಿಸಿದರೆ 'ಒನ್ಸ್ ಮೋರ್' ಎಂದು ಕೂಗಿ, ಸತ್ತು ಬಿದ್ದ ಪಾತ್ರವನ್ನೂ ಎಬ್ಬಿಸಿ ಹಾಡಿಸಿ ಮತ್ತೆ ಸಾಯಲು ಬಿಡುತ್ತಿದ್ದ ಜನ ಅವರು. ಕಥೆಯ ಹರಿವು, ಭಾವದ ತೀವ್ರತೆ ಎಂದೆಲ್ಲ ಯಾರೂ ತಕರಾರು ಎತ್ತಲಿಲ್ಲ. ಸತ್ತವನು ಚೆನ್ನಾಗಿ ಹಾಡಿದರೆ ಸಾಕಿತ್ತು.

ಈ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ವರ್ಷ ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ಅದರ ಮೇಲೆ ಒಂದು ದೊಡ್ಡ ಸಿದ್ಧಾಂತ ಕಟ್ಟಿದ್ದೇನೆ.

ಅದೇ 1884ರಲ್ಲಿ ನಮ್ಮ ಊರಿನಲ್ಲಿ 'ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್' ಶುರುವಾಯಿತು. ಎರಡು ವರ್ಷಕ್ಕೆ ಮದರಾಸಿನ ಬಿನ್ನಿ ಕಂಪನಿ ಅದರ ಆಡಳಿತ ವಹಿಸಿಕೊಂಡಿತು, ಮಿಲ್ಲು ಬಿನ್ನಿ ಮಿಲ್ಲಾಯಿತು, ಸುತ್ತಲಿನ ಪೇಟೆ ಬಿನ್ನಿಪೇಟೆಯಾಯಿತು. ಒಬ್ಬ ಸ್ಕಾಟ್ಲೆಂಡಿನ ದೊರೆಯ ಮನೆತನದ ಹೆಸರಿಗೆ ನಾವು 'ಪೇಟೆ' ಎಂದು ಬಾಲ ಕಟ್ಟಿ, ಅವರು ಹೋದ ಮೇಲೂ ನಿಯತ್ತಾಗಿ ಬಾಲ ಅಲ್ಲಾಡಿಸುತ್ತಿದ್ದೇವೆ.

ಅದೇ 1884ರ ಜೂನ್ 16ರಂದು ಅಮೆರಿಕದ ಕೋನಿ ಐಲ್ಯಾಂಡಿನ ಕಡಲ ತೀರದಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ 'ಸ್ವಿಚ್‌ಬ್ಯಾಕ್ ರೈಲ್ವೆ'ಯನ್ನು ಜನರಿಗೆ ತೆರೆದ. ಆ ದೇಶದಲ್ಲಿ ಮೋಜಿಗೆಂದೇ ಕಟ್ಟಿ, ದುಡ್ಡು ಪಡೆದು ಹತ್ತಿಸಿಕೊಂಡ ಮೊದಲ ರೋಲರ್ ಕೋಸ್ಟರ್ ಎಂದು ಅದನ್ನು ಎಣಿಸುತ್ತಾರೆ. ಸುಮಾರು 600 ಅಡಿ ಉದ್ದ, ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸಿನ ವೇಗ, ತಲೆಗೆ ಐದು ಸೆಂಟು. ಈತ ಅದಕ್ಕೆ ಮೊದಲು ಏನು ಮಾಡುತ್ತಿದ್ದ ಗೊತ್ತೇ? ಇಂಡಿಯಾನಾದ ಎಲ್ಕಾರ್ಟ್ ಎಂಬ ಊರಿನಲ್ಲಿ ಹೊಲಿಗೆ ಇಲ್ಲದ ಕಾಲುಚೀಲ ಹೆಣೆಯುವ ಕಾರ್ಖಾನೆ ನಡೆಸುತ್ತಿದ್ದ. ಅಂದರೆ ಜವಳಿಯವನು. ನಮ್ಮವನು!

ಅವನ ಗಾಡಿ ಒಂದು ಗೋಪುರದಿಂದ ಹೊರಟು ಏಳುಬೀಳಿನ ಹಳಿಯ ಮೇಲೆ ಇನ್ನೊಂದು ಗೋಪುರಕ್ಕೆ ಹೋಗುತ್ತಿತ್ತು. ಅಲ್ಲಿ ಅದನ್ನು ಎತ್ತರಕ್ಕೆ ತಳ್ಳಿ ಪಕ್ಕದ ಹಳಿಯ ಮೇಲೆ ವಾಪಸ್ಸು ಬಿಡುತ್ತಿದ್ದರು. ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ. ಮಗ್ಗ ನೋಡಿದವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಅದು ಲಾಳಿ. ಥಾಂಪ್ಸನ್ ಲಾಳಿಯನ್ನು ನೆನೆದೇ ಕಟ್ಟಿದನೆಂದು ನಾನು ಹೇಳಲಾರೆ. ಕಲ್ಲಿದ್ದಲು ಗಣಿಯ ಒಂದು ಹಳೆಯ ರೈಲು ಅವನಿಗೆ ಮಾದರಿ ಎನ್ನುತ್ತಾರೆ. ಆದರೆ ಲಾಳಿಯಲ್ಲಿ ನೂಲು ಕೂರಿಸಿದರೆ ಬಟ್ಟೆ ಬರುತ್ತದೆ, ಮನುಷ್ಯರನ್ನು ಕೂರಿಸಿದರೆ ಐದೈದು ಸೆಂಟು ಬರುತ್ತದೆ ಎಂಬ ಲೆಕ್ಕ ಒಬ್ಬ ಜವಳಿ ವ್ಯಾಪಾರಿಗೆ ತಿಳಿಯುವಷ್ಟು ಬೇಗ ಇನ್ನೊಬ್ಬರಿಗೆ ತಿಳಿಯದು.

ಮೂರೇ ವರ್ಷಕ್ಕೆ, 1887ರಲ್ಲಿ, ಅಟ್ಲಾಂಟಿಕ್ ಸಿಟಿಯಲ್ಲಿ ಅವನು 'ಸೀನಿಕ್ ರೈಲ್ವೆ' ಎಂಬ ಇನ್ನೊಂದನ್ನು ಕಟ್ಟಿದ. ಗಾಡಿ ಕತ್ತಲ ಸುರಂಗಕ್ಕೆ ನುಗ್ಗಿದ ಕೂಡಲೇ ದೀಪ ಹತ್ತಿಕೊಂಡು ಬಣ್ಣದ ದೃಶ್ಯಗಳು ಕಾಣುತ್ತಿದ್ದವು. ಒಳಾಂಗಣ, ಕತ್ತಲು, ಕಥಾವಸ್ತು ಎಲ್ಲದರ ಮೂಲಪುರುಷ ಒಬ್ಬ ಕಾಲುಚೀಲದ ವ್ಯಾಪಾರಿ. ಅವನು ಗಿರಣಿಯಿಂದ ಮೋಜಿನ ತಾಣಕ್ಕೆ ಒಂದೇ ನೆಗೆತಕ್ಕೆ ಹೋದ. ನಮ್ಮ ಬೆಂಗಳೂರಿನ ಗಿರಣಿಗಳು ಅದೇ ದೂರ ಕ್ರಮಿಸುವುದಕ್ಕೆ ನೂರು ವರ್ಷದ ಮೇಲೆ ತೆಗೆದುಕೊಂಡವು. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಮಾಲ್ ಎದ್ದಿತು. ಬಿನ್ನಿ ಮಿಲ್ಲಿನ ಜಾಗದಲ್ಲಿ ಮೊದಲು ಅಪಾರ್ಟ್‌ಮೆಂಟು, ಜತೆಗೆ ಮಾಲು. 2021ರಲ್ಲಿ ಇದೇ ಪೇಟೆಯಲ್ಲಿ ಲುಲು ಮಾಲ್ ಬಂತು, ಅದರೊಳಗೆ ಫಂಟೂರಾ ಎಂಬ ಆಟದ ಲೋಕವೂ ಬಂತು. ಮಾಲಿನ ವಿಳಾಸದಲ್ಲಿ ಬಿನ್ನಿಪೇಟೆ ಇದೆ, ಜನರ ಬಾಯಲ್ಲಿ ಮಾತ್ರ ಅದು ರಾಜಾಜಿನಗರದ್ದು. ನಾವು ಬೇಸರಿಸಿಕೊಂಡಿಲ್ಲ. ನಮ್ಮ ಹುಡುಗರೂ ಸಂಬಂಧ ನೋಡುವಾಗ ಹಾಗೆಯೇ ಹೇಳುತ್ತಾರೆ.

ಮಾಗಡಿ ರಸ್ತೆಯ ಮಿನರ್ವ ಮಿಲ್ಲಿನದು ಬೇರೆಯೇ ಗತ್ತು. ಸರ್ಕಾರ ಅದನ್ನು ವಹಿಸಿಕೊಂಡ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು 1980ರಲ್ಲಿ ತೀರ್ಪಾಯಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ನಮ್ಮ ಪಕ್ಕದ ಮಿಲ್ಲಿನ ಹೆಸರನ್ನು ಉರು ಹೊಡೆದೇ ಪಾಸಾಗುತ್ತಾರೆ. ಸಂವಿಧಾನದ ಮೂಲ ಸ್ವರೂಪ ಉಳಿಯಿತು, ಮಿಲ್ಲಿನದು ಉಳಿಯಲಿಲ್ಲ. ಮುಚ್ಚಿದ ಮೇಲೆ ಅದು ಸಿನಿಮಾದವರಿಗೆ ಸೆಟ್ ಹಾಕುವ ಬಯಲಾಯಿತು. ಬಟ್ಟೆ ನೇಯ್ದ ಜಾಗದಲ್ಲಿ ನಾಯಕ ಒಂದು ಏಟು ಕೊಟ್ಟರೆ ಹತ್ತು ಖಳರು ಗಾಳಿಯಲ್ಲಿ ತಿರುಗಿ ಬೀಳುತ್ತಿದ್ದರು. ಹಳಿಯಿಲ್ಲದ, ಸೀಟುಬೆಲ್ಟಿಲ್ಲದ ಕೋಸ್ಟರ್.

ಹಿಂದೊಮ್ಮೆ ಮೆಟ್ರೋದಲ್ಲಿ ಅಣ್ಣನ ಮಗನಿಗೆ ಒಂದು ಪಾಠ ಹೇಳಹೊರಟೆ. ಮಾಗಡಿ ರಸ್ತೆ ನಿಲ್ದಾಣ ಬಿಟ್ಟ ನೇರಳೆ ರೈಲು ಬಯಲಿಂದ ಕೆಳಗಿಳಿದು ನೆಲದೊಳಗೆ ನುಗ್ಗುತ್ತದಲ್ಲ, 2016ರಿಂದ ನಮಗೂ ಒಂದು ಕತ್ತಲ ಗಾಡಿ ಇದೆಯಲ್ಲ ಎಂದೆ. ಇಳಿಜಾರು ಉಂಟು, ಕಿವಿ ಗುಂಯ್‌ಗುಡುವುದುಂಟು, ಮೇಲಾಗಿ ನಿರೂಪಣೆ ಉಂಟು. ನಿರೂಪಕಿ ಅಪರ್ಣಾ ಅವರ ದನಿ. 2024ರ ಜುಲೈಯಲ್ಲಿ ಅವರು ತೀರಿಕೊಂಡ ಮರುದಿನ ಅದೇ ದನಿ ಎಂದಿನಂತೆ ಮುಂದಿನ ನಿಲ್ದಾಣದ ಹೆಸರು ಹೇಳಿದಾಗ ಬೋಗಿಯಲ್ಲಿ ನಾಲ್ಕಾರು ಜನ ತಲೆಯೆತ್ತಿ ಸ್ಪೀಕರ್ ನೋಡಿದ್ದನ್ನು ನಾನು ಕಂಡೆ. ಕಥೆಯಿಲ್ಲ, ವಾದ್ಯವೃಂದವಿಲ್ಲ, ಸ್ವಚ್ಛವಾಗಿ ಉಚ್ಚರಿಸಿದ ಒಂದು ಊರ ಹೆಸರು, ಅಷ್ಟೇ. ಹುಡುಗ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ "ವಾಯ್ಸ್ ಸೂಪರ್, ಆದ್ರೆ ಪ್ಲಾಟ್ ರಿಪೀಟ್ ಆಗುತ್ತೆ" ಎಂದ.

ಇರಲಿ. ಖೋಪೋಲಿಯಿಂದ ಬಂದ ಸಿಟ್ಟಿನಲ್ಲಿ ಮೂವರೂ ಒಂದು ತೀರ್ಮಾನಕ್ಕೆ ಬಂದರು. ಬೈಯುವುದು ಸಾಕು, ನಾವೇ ಒಂದು ಕಥೆ ಬರೆಯೋಣ. ಬಿನ್ನಿಪೇಟೆಗೆ ಬಿನ್ನಿಪೇಟೆಯದೇ ಕೋಸ್ಟರ್. ಹೆಸರು 'ಮಿಲ್ 1884'. ದುಡ್ಡು ಹಾಕುವವರು ಯಾರು ಎಂದು ಕೇಳಿದೆ. ಮೊದಲು ಕಥೆ, ಆಮೇಲೆ ದುಡ್ಡು ಎಂದರು. ಸಿನಿಮಾದವರ ಗಾಂಧಿನಗರದಲ್ಲಿ ಇದರ ತಿರುಗುಮುರುಗು ನಡೆಯುತ್ತದೆ ಎಂದು ಹೇಳಿ ಮನಸ್ಸು ಮುರಿಯುವುದು ಬೇಡವೆನಿಸಿತು.

ಪ್ರಯಾಣಿಕನೇ ಕಾರ್ಮಿಕ. ಸಾಲಲ್ಲಿ ನಿಂತವರು ಹಾಜರಿ ಚೀಟಿ ಗುದ್ದಿಸಿಕೊಂಡು ಒಳಗೆ ಬರಬೇಕು. ಗಾಡಿ ಲಾಳಿಯ ಆಕಾರದ್ದು (ನನ್ನ ಸಿದ್ಧಾಂತಕ್ಕೆ ಸಂದ ಏಕೈಕ ಗೌರವ). ಹಾಸು ನೂಲಿನ ನಡುವೆ ಹೊಕ್ಕಾಗಿ ಗಾಡಿ ನುಗ್ಗುತ್ತದೆ. ಹತ್ತಿಯ ಮೋಡ, ಬಣ್ಣದ ತೊಟ್ಟಿ, ಸೈನ್ಯಕ್ಕೆ ಹೊರಟ ಕಂಬಳಿಗಳ ಗುಡ್ಡ. ಇಳಿದ ಮೇಲೆ ಹೊರಬಾಗಿಲು ಅಂಗಡಿಯೊಳಗೆ, ಅಲ್ಲಿ ಕೈಯಗಲದ ಕಂಬಳಿಗಳ ಮಾರಾಟ. ಅದನ್ನು ಹೊದಿಸುವುದು ಯಾವುದಕ್ಕೆ ಎಂದರೆ, ಮೊಬೈಲಿಗೆ.

ಸಲಹೆಗಾರರಾಗಿ ಎದುರು ಸಾಲಿನ ತಾತನನ್ನು ಕರೆದರು. ನೇಯ್ಗೆ ಖಾತೆಯಲ್ಲಿ ದುಡಿದು ನಿವೃತ್ತರಾದವರು. ಕಿವಿ ಸ್ವಲ್ಪ ಮಂದ, ಆದರೆ ನಾವು ಮಾತಾಡುವಾಗ ಅವರು ಕಿವಿ ಮುಂದೆ ಮಾಡುವುದಿಲ್ಲ, ತುಟಿ ನೋಡುತ್ತಾರೆ. ಮಗ್ಗದ ಮನೆಯ ಸದ್ದಿನಲ್ಲಿ ಎಲ್ಲರೂ ಮಾತು ಕೇಳುತ್ತಿದ್ದದ್ದು ಹಾಗೆಯೇ ಅಂತೆ. ಕಾಫಿ, ಖಾರಾ ಬಿಸ್ಕತ್ತು ಇಟ್ಟು ಕಥಾವಾದಿ ಪೀಠಿಕೆ ಹಾಕಿದ.

"ತಾತ, ನಮಗೊಂದು ಎಡವಟ್ಟು ಬೇಕು. ಮಿಲ್ಲೊಳಗೆ ಏನೋ ಭಯಂಕರವಾಗಿ ಕೆಟ್ಟು ಹೋಗುತ್ತೆ, ಮಗ್ಗ ಹುಚ್ಚೆದ್ದು ಓಡುತ್ತೆ, ಆ ತರ. ನಿಮ್ ಸರ್ವೀಸಲ್ಲಿ ಅಂಥದ್ದು ಆಗಿತ್ತಾ?"

ತಾತ ಬಿಸ್ಕತ್ತು ಅದ್ದಿ ಯೋಚನೆ ಮಾಡಿದರು. "ಮಗ್ಗ ಯಾವತ್ತೂ ಮೋಸ ಮಾಡ್ಲಿಲ್ಲ ಕಣಪ್ಪ. ಎಣ್ಣೆ ಹಾಕಿದ್ರೆ ಓಡೋದು. ಕೆಟ್ಟಿದ್ದು ಆಫೀಸ್ ರೂಮಲ್ಲಿ. ಒಳಗೆ ಮೀಟಿಂಗ್ ಆಯ್ತು, ಹೊರಗೆ ನೋಟೀಸ್ ಅಂಟಿಸಿದ್ರು."

ಹುಡುಗರು ಮುಖ ಮುಖ ನೋಡಿಕೊಂಡರು. "ಅದು ತೋರಿಸೋಕೆ ಆಗಲ್ಲ ತಾತ. ನೋಟೀಸ್ ಬೋರ್ಡ್ ಮುಂದೆ ಯಾರು ಕಿರುಚ್ತಾರೆ?"

"ಕಿರುಚಿದ್ರು" ಎಂದರು ತಾತ.

ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಮಾತು ಖಳನ ಕಡೆ ಹೊರಳಿತು. ಆಡಳಿತ ಮಂಡಳಿಯನ್ನು ಖಳ ಮಾಡಿದರೆ ವಕೀಲರ ನೋಟೀಸು ಬರುತ್ತದೆ. ಯೂನಿಯನ್ನನ್ನು ಮಾಡಿದರೆ ಬಾವುಟ ಹಿಡಿದು ಬಾಗಿಲಿಗೆ ಬರುತ್ತಾರೆ. ಪವರ್‌ಲೂಮನ್ನು ಮಾಡಿದರೆ ಅದು ಯಾರಿಗೂ ಅರ್ಥವಾಗುವುದಿಲ್ಲ. ಜಾಗದ ಬೆಲೆಯನ್ನೇ ಖಳನನ್ನಾಗಿ ಮಾಡಿ, ಬೆಂಗಳೂರಿನಲ್ಲಿ ಇವತ್ತಿಗೂ ಅಡ್ಡಾಡುತ್ತಿರುವ ರಾಕ್ಷಸ ಅದೊಂದೇ ಎಂದು ನಾನು ಸೂಚಿಸಿದೆ. ಆದರೆ ಪ್ರಾಯೋಜಕರು ಬಿಲ್ಡರ್‌ಗಳೇ ಆಗುವ ಸಂಭವವಿದೆ ಎಂದು ಅದನ್ನೂ ಕೈಬಿಟ್ಟರು. ಕೊನೆಗೆ ಸರ್ವಾನುಮತದಿಂದ ಒಂದು ಇಂಗ್ಲಿಷ್ ದೆವ್ವವನ್ನು ನೇಮಿಸಿಕೊಂಡರು. ದೆವ್ವ ಕೋರ್ಟಿಗೆ ಹೋಗುವುದಿಲ್ಲ, ಬಾಕಿ ಸಂಬಳ ಕೇಳುವುದಿಲ್ಲ.

"ನೈಟ್ ಪಾಳೀಲಿ ದೆವ್ವ ನೋಡಿದ್ರಾ ತಾತ?"

"ನೈಟ್ ಪಾಳೀಲಿ ನಮ್ಮನ್ನ ನೋಡಿದೋರು ಹಂಗೇ ಅಂದ್ಕೊಂಡಿರಬೇಕು. ಮೈಮೇಲೆಲ್ಲ ಹತ್ತಿ ಧೂಳು."

ಇದನ್ನು ಮಾತ್ರ ಮೂವರೂ ಬರೆದುಕೊಂಡರು. ಒಬ್ಬ 'ವಿಷುವಲ್!' ಎಂದು ಮೇಜು ಗುದ್ದಿದ.

ಆಮೇಲೆ ಸಂಗೀತ. ಇಲ್ಲಿ ರಕ್ತ ಹರಿಯುವುದೊಂದು ಬಾಕಿ. ತಮಟೆ ಬೇಕೆಂದು ಒಬ್ಬ. ಈಗ ಪ್ರತಿ ಸಿನಿಮಾದಲ್ಲೂ ನಾಯಕ ಬಾಗಿಲು ತೆಗೆದರೆ ನೂರು ಜನ ಗಂಟಲು ಹರಿದುಕೊಂಡು ಹಾಡುತ್ತಾರಲ್ಲ, ಆ ಕೋರಸ್ ಬೇಕೆಂದು ಇನ್ನೊಬ್ಬ. ಮಗ್ಗದ ಟಕಾಟಕ್ ಶಬ್ದವನ್ನೇ ಬಿಡಬೇಕೆಂದು ಮೌನವಾದಿ. ನಿಜ ಹೇಳಬೇಕೆಂದರೆ ನನಗೆ ಸರಿ ಕಂಡದ್ದು ಇವನ ಮಾತೇ. ನೂರಾರು ಮಗ್ಗಗಳು ಒಟ್ಟಿಗೆ ಹೊಡೆದುಕೊಳ್ಳುವ ತಾಳಕ್ಕಿಂತ ದೊಡ್ಡ ಡ್ರಮ್ ಯಾವ ಡಿಸ್ನಿಯಲ್ಲಿ ಇದೆ?

ತಾತನಿಗೆ ಚರ್ಚೆಯ ತಲೆಬುಡ ತಿಳಿದದ್ದು ತಡವಾಗಿ. "ಹಾಡಾ? ಹಾಡು ಅಂದ್ರೆ ಕೂಗು. ಮಿಲ್ ಕೂಗು. ಗಡಿಯಾರ ಯಾರ ಮನೇಲಿತ್ತು? ಮೊದಲ ಕೂಗಿಗೆ ಒಲೆ ಹಚ್ಚೋದು, ಎರಡನೇ ಕೂಗಿಗೆ ಬುತ್ತಿ ಕಟ್ಟೋದು. ನಮ್ ಮನೆಯವಳು ಕೂಗು ಕೇಳ್ಕೊಂಡೇ ಸಾರಿಗೆ ಒಗ್ಗರಣೆ ಹಾಕೋಳು."

ಸಂಗೀತವಾದಿ ಕೂಡಲೇ ಲ್ಯಾಪ್‌ಟಾಪಿನಲ್ಲಿ ಒಂದು ಸೈರನ್ ಹುಡುಕಿ ಹಾಕಿದ. "ಇದು ಆಂಬುಲೆನ್ಸು" ಎಂದರು ತಾತ. ಇನ್ನೊಂದು ಹಾಕಿದ. "ಇದು ಮಿನಿಸ್ಟ್ರು." ಮೂರನೆಯದು ಯುದ್ಧದ ಸಿನಿಮಾದ್ದು. ತಾತ ತಲೆಯಾಡಿಸಿ, ಲೋಟ ಕೆಳಗಿಟ್ಟು, ಎರಡೂ ಅಂಗೈಯನ್ನು ಬಾಯಿಗೆ ಹಿಡಿದು ತಾವೇ ಕೂಗಿದರು. ಸಣ್ಣಗೆ ಶುರುವಾಗಿ, ಏರಿ, ತುದಿಯಲ್ಲಿ ನಿಂತು, ನಿಧಾನವಾಗಿ ಇಳಿಯಿತು. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಎತ್ತಿ ಹಿಡಿದು ತಿರುಗಿ ನೋಡಿದ. ಮೇಲಿನ ಮನೆಯ ಅಜ್ಜಿಯೊಬ್ಬರು ಬಾಲ್ಕನಿಗೆ ಬಂದು ಕೆಳಗೆ ಇಣುಕಿದರು.

"ಸೂಪರ್ ತಾತ! ಇನ್ನೊಂದು ಸಲ. ಆದ್ರೆ ಇಳಿಯೋದು ಬೇಡ, ಮೇಲೇ ಹಿಡ್ಕೊಳ್ಳಿ. ಡ್ರಾಪ್ ಅಲ್ಲಿ ಬರುತ್ತೆ" ಎಂದ ಸಂಗೀತವಾದಿ, ಫೋನು ಮುಂದೆ ಹಿಡಿದು.

"ಇಳೀದೆ ಹೆಂಗಪ್ಪಾ? ಉಸಿರು ನನ್ದು."

ಎರಡನೇ ಸಲ ಅರ್ಧಕ್ಕೆ ಕೆಮ್ಮು ಬಂತು. ನೀರು ಕೊಟ್ಟೆವು. ಅವರು ಸುಧಾರಿಸಿಕೊಳ್ಳುವವರೆಗೆ ಹೊತ್ತು ಕಳೆಯಲೆಂದು ಅಣ್ಣನ ಮಗ ಕೊನೆಯ ಪುಟ ಓದತೊಡಗಿದ. ಅದು ಹತ್ತುವ ಜಾಗದಲ್ಲಿ ಹಾಕುವ ಎಚ್ಚರಿಕೆ ಫಲಕ. ಅದನ್ನೂ ಹಳೆಯ ಮಿಲ್ಲಿನ ನೋಟೀಸಿನಂತೆಯೇ ಬರೆದಿದ್ದರು, ಕಥಾವಸ್ತು ಎಲ್ಲೂ ತಪ್ಪಬಾರದಲ್ಲ. ಹೃದಯದ ತೊಂದರೆ ಇರುವವರು, ಉಸಿರಾಟದ ತೊಂದರೆ ಇರುವವರು, ಬೆನ್ನುನೋವು, ಕುತ್ತಿಗೆನೋವು, ರಕ್ತದೊತ್ತಡ ಇರುವವರು, ಜೋರು ಸದ್ದು ಆಗದವರು, ಈಚೆಗೆ ಆಪರೇಷನ್ ಮಾಡಿಸಿಕೊಂಡವರು ಹತ್ತುವಂತಿಲ್ಲ.

ತಾತ ಅವನ ತುಟಿಯನ್ನೇ ನೋಡುತ್ತಾ ಪೂರ್ತಿ ಕೇಳಿದರು. ಆಮೇಲೆ ಬಾಯಿ ಒರೆಸಿಕೊಂಡು ಎದ್ದರು.

"ಅಷ್ಟುದ್ದ ಯಾಕೆ ಬರೀತೀರಪ್ಪಾ? ಮಿಲ್ಲಲ್ಲಿ ಕೆಲಸ ಮಾಡಿದೋರಿಗೆ ಪ್ರವೇಶ ಇಲ್ಲ ಅಂತ ಒಂದೇ ಲೈನ್ ಹಾಕಿ. ಬೋರ್ಡಿನ ಖರ್ಚೂ ಉಳಿಯುತ್ತೆ."

"ತಾತ, ಒಂದ್ನಿಮಿಷ" ಎಂದ ಕಥಾವಾದಿ, ಪೆನ್ನು ತೆಗೆದು. "ಇದನ್ನ ಕ್ಲೈಮ್ಯಾಕ್ಸಿಗೆ ಹಾಕ್ಬಹುದಾ?"